ಸ್ಟೀಮ್‌ಪಂಕ್ ಸರ್ಕಸ್ ಪತ್ತೇದಾರಿ ಕಾದಂಬರಿಯನ್ನು ಎಳೆ ತಪ್ಪದೆ ಕೇಳುವುದು ಹೇಗೆ? ಆಡಿಯೊಬುಕ್ ಕೇಳುಗರಿಗೊಂದು ಸಮಗ್ರ ಮಾರ್ಗದರ್ಶಿ

ಸ್ಟೀಮ್‌ಪಂಕ್ ಎಂದರೆ ಹತ್ತೊಂಬತ್ತನೆಯ ಶತಮಾನದ ಉಗಿಯಂತ್ರಗಳ ಲೋಕವನ್ನು ಕಲ್ಪನೆಯಲ್ಲಿ ಬೆಳೆಸಿದ ಕಥಾಪ್ರಕಾರ. ಉಗಿಯಂತ್ರ, ಸರ್ಕಸ್ ಡೇರೆ, ಮಾಯಾವಿದ್ಯೆ ಮತ್ತು ಒಂದು ಕೊಲೆ ಅಥವಾ ಕಣ್ಮರೆ, ಇವೆಲ್ಲ ಸೇರಿದ ಇಂಗ್ಲಿಷ್ ಆಡಿಯೊಬುಕ್ಕನ್ನು ಆಸೆಯಿಂದ ಆರಂಭಿಸಿದ ಕನ್ನಡಿಗರಲ್ಲಿ ಹಲವರು ಎರಡನೆಯ ಅಥವಾ ಮೂರನೆಯ ಗಂಟೆಯಲ್ಲಿ ಅದನ್ನು ಕೈಬಿಡುತ್ತಾರೆ. ಅವರು ಹೇಳುವ ಕಾರಣಗಳು ಹೆಚ್ಚೂಕಡಿಮೆ ಒಂದೇ ಬಗೆಯವು: ಯಾರು ಯಾರೆಂದು ತಿಳಿಯುವುದಿಲ್ಲ, ಯಂತ್ರಗಳ ವರ್ಣನೆ ಮುಗಿಯುವುದೇ ಇಲ್ಲ, ಕಥೆ ಯಾವ ವರ್ಷದಲ್ಲಿ ನಡೆಯುತ್ತಿದೆ ಎಂಬುದು ತಪ್ಪಿಹೋಗುತ್ತದೆ, ಹೇಗೋ ಕೊನೆಯವರೆಗೆ ಬಂದರೂ ಅಪರಾಧಿಯ ಹೆಸರು ಕೇಳಿದಾಗ ಆ ವ್ಯಕ್ತಿಯೇ ನೆನಪಿಗೆ ಬರುವುದಿಲ್ಲ.

ಇದು ಕೇಳುಗರ ಇಂಗ್ಲಿಷ್ ಜ್ಞಾನದ ಕೊರತೆಯಲ್ಲ. ಈ ಪ್ರಕಾರದಲ್ಲಿ ಮೂರು ಹೊರೆಗಳು ಒಟ್ಟಿಗೆ ಕಿವಿಯ ಮೇಲೆ ಬೀಳುತ್ತವೆ. ಫ್ಯಾಂಟಸಿ ಹೊಸ ಲೋಕದ ನಿಯಮಗಳನ್ನು ಕಲಿಸುತ್ತದೆ. ಸರ್ಕಸ್ಸು ಒಂದೇ ಸಲಕ್ಕೆ ಹತ್ತು ಹನ್ನೆರಡು ಪಾತ್ರಗಳನ್ನು ತಂದು ನಿಲ್ಲಿಸುತ್ತದೆ, ಅವರಲ್ಲಿ ಅನೇಕರಿಗೆ ರಂಗದ ಹೆಸರು ಬೇರೆ, ನಿಜನಾಮ ಬೇರೆ. ಪತ್ತೇದಾರಿ ಕಥೆಯಾದರೋ ಹಿಂದೆ ಕೇಳಿದ ಸಣ್ಣ ಸಂಗತಿಯನ್ನು ನೂರಾರು ನಿಮಿಷಗಳ ಕಾಲ ನೆನಪಿಡಿ ಎನ್ನುತ್ತದೆ. ಮುದ್ರಿತ ಪುಸ್ತಕದಲ್ಲಿ ನಾಲ್ಕು ಪುಟ ಹಿಂದಕ್ಕೆ ತಿರುಗಿಸಿ ನೋಡುವ ಅನುಕೂಲವಿದೆ, ಕೇಳುವಾಗ ಆ ಅನುಕೂಲವನ್ನು ನಾವೇ ಕಟ್ಟಿಕೊಳ್ಳಬೇಕು. ಇನ್ನೊಂದು ಸಂಗತಿಯನ್ನು ಆರಂಭದಲ್ಲಿಯೇ ಹೇಳಬೇಕು. ಈ ಪ್ರಕಾರದ ಲೇಖಕರು ಸುಳಿವುಗಳನ್ನು ಸಂಭಾಷಣೆಯಲ್ಲಿ ಇಡುವುದಕ್ಕಿಂತ ಹೆಚ್ಚಾಗಿ ಯಂತ್ರದ ಮತ್ತು ರಂಗಪ್ರದರ್ಶನದ ವರ್ಣನೆಯಲ್ಲಿ ಹುದುಗಿಸುತ್ತಾರೆ. ಕೇಳುಗರ ಮನಸ್ಸು ಬೇರೆಡೆಗೆ ಸರಿಯುವುದು ಕೂಡ ಸರಿಯಾಗಿ ಅಲ್ಲಿಯೇ. ಮುಂದಿನ ಹಂತಗಳೆಲ್ಲ ಈ ಒಂದು ತೊಡಕನ್ನು ಬಿಡಿಸಲು ರೂಪಿಸಿದವು, ಆದ್ದರಿಂದ ಅವುಗಳ ಕ್ರಮವನ್ನು ಬದಲಿಸದೆ ಅನುಸರಿಸುವುದು ಒಳ್ಳೆಯದು.

## ಬೇಕಾಗುವ ಸಲಕರಣೆಗಳು

ಫೋನಿನಲ್ಲಿರುವ ಆಡಿಯೊಬುಕ್ ಆ್ಯಪ್‌ನಲ್ಲಿ ನಾಲ್ಕು ಸೌಲಭ್ಯಗಳು ಇರಲೇಬೇಕು: ವೇಗವನ್ನು ಸಣ್ಣ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ, ಟಿಪ್ಪಣಿ ಸೇರಿಸಬಹುದಾದ ಬುಕ್‌ಮಾರ್ಕ್, ಒಂದೇ ಒತ್ತಿಗೆ 15 ಅಥವಾ 30 ಸೆಕೆಂಡು ಹಿಂದಕ್ಕೆ ಹೋಗುವ ಗುಂಡಿ ಮತ್ತು ಅಧ್ಯಾಯಗಳ ಪಟ್ಟಿ. ಸಂಗೀತ ಕೇಳುವ ಸಾಮಾನ್ಯ ಪ್ಲೇಯರ್‌ನಲ್ಲಿ ಕಡತವನ್ನು ಹಾಕಿ ಕೇಳುವವರು ಇವುಗಳಲ್ಲಿ ಕನಿಷ್ಠ ಎರಡನ್ನು ಕಳೆದುಕೊಳ್ಳುತ್ತಾರೆ.

ಹೆಡ್‌ಫೋನ್ ದುಬಾರಿಯದಾಗಬೇಕಿಲ್ಲ, ತಂತಿಯದಾದರೂ ಬ್ಲೂಟೂತ್‌ನದಾದರೂ ಮಾತು ಸ್ಪಷ್ಟವಾಗಿ ಕೇಳಿಸಿದರೆ ಸಾಕು. ಇವುಗಳ ಜೊತೆಗೆ ಒಂದು ದೊಡ್ಡ ಹಾಳೆ ಮತ್ತು ಪೆನ್ಸಿಲ್ ಬೇಕು. ಟಿಪ್ಪಣಿಯನ್ನು ಫೋನಿನಲ್ಲಿಯೇ ಬರೆದುಕೊಳ್ಳುತ್ತೇನೆ ಎನ್ನುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ಬರೆಯಲು ಪರದೆ ತೆರೆದ ಕೂಡಲೇ ಕಣ್ಣಿಗೆ ಬೀಳುವ ಸಂದೇಶಗಳು ಕಥೆಯಿಂದ ಮನಸ್ಸನ್ನು ಕಿತ್ತುಕೊಳ್ಳುತ್ತವೆ, ಮೇಲಾಗಿ ಇಡೀ ಕಥೆಯ ಜನರನ್ನು ಒಂದೇ ನೋಟಕ್ಕೆ ಕಾಣಿಸುವ ಅಗಲ ಫೋನಿನ ಪರದೆಗೆ ಇಲ್ಲ.

## ಹಂತ 1: ಸರಿಯಾದ ಆವೃತ್ತಿಯನ್ನು ಆರಿಸುವುದು

ಮೊದಲು ನೋಡಬೇಕಾದದ್ದು ಆವೃತ್ತಿ ಪೂರ್ಣವೋ ಸಂಕ್ಷಿಪ್ತವೋ ಎಂಬುದು. ಪತ್ತೇದಾರಿ ಕಥೆಯ ಸಂಕ್ಷಿಪ್ತ ಆವೃತ್ತಿಯಲ್ಲಿ ಮೊದಲು ಕತ್ತರಿಗೆ ಸಿಗುವುದು ವರ್ಣನೆ, ವರ್ಣನೆ ಹೋದರೆ ಸುಳಿವೂ ಹೋಗುತ್ತದೆ. ವಿವರಣೆಯಲ್ಲಿ ಇದು ಸ್ಪಷ್ಟವಾಗಿರದಿದ್ದರೆ ಅವಧಿಯಿಂದ ಅಂದಾಜು ಮಾಡಬಹುದು. ಇಂಗ್ಲಿಷ್ ವಾಚಕರು ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 160 ಪದಗಳನ್ನು ಓದುತ್ತಾರೆ, ಅಂದರೆ ಗಂಟೆಗೆ ಸುಮಾರು 9,000ಕ್ಕೂ ಸ್ವಲ್ಪ ಹೆಚ್ಚು ಪದಗಳು. ಒಂದು ಲಕ್ಷ ಪದಗಳ ಕಾದಂಬರಿಗೆ ಹನ್ನೊಂದು ಗಂಟೆಯ ಆಸುಪಾಸು ಬೇಕು. 400 ಪುಟಗಳ ಮುದ್ರಿತ ಕಾದಂಬರಿಯ ಆಡಿಯೊ ಐದು ಗಂಟೆಯಲ್ಲಿ ಮುಗಿಯುತ್ತದೆ ಎಂದಿದ್ದರೆ ಅದನ್ನು ಎಚ್ಚರಿಕೆಯ ಸೂಚನೆ ಎಂದೇ ಭಾವಿಸಿ.

ಎರಡನೆಯದು ವಾಚನದ ಬಗೆ. ಒಬ್ಬರೇ ವಾಚಕರು ಇಡೀ ಪುಸ್ತಕವನ್ನು ಓದುವುದು ಒಂದು ಬಗೆ, ಪಾತ್ರಕ್ಕೊಬ್ಬ ಕಲಾವಿದರಿರುವುದು ಇನ್ನೊಂದು, ಹಿನ್ನೆಲೆ ಸಂಗೀತ ಮತ್ತು ಶಬ್ದಪರಿಣಾಮಗಳನ್ನು ಸೇರಿಸಿದ ನಾಟಕರೂಪ ಮೂರನೆಯದು. ಸರ್ಕಸ್ ಕಥೆ ಎಂದ ಕೂಡಲೇ ಮೂರನೆಯದು ಆಕರ್ಷಕವಾಗಿ ಕಾಣುತ್ತದೆ. ಆದರೆ ವಾದ್ಯಘೋಷ ಮತ್ತು ಉಗಿಯ ಸದ್ದಿನ ನಡುವೆ ಇನ್ನೊಂದು ನಾಡಿನ ಉಚ್ಚಾರಣೆಯ ಇಂಗ್ಲಿಷನ್ನು ಹಿಡಿಯುವುದು ಕಷ್ಟ. ಈ ಪ್ರಕಾರಕ್ಕೆ ಹೊಸಬರಾದವರು ಒಬ್ಬರೇ ವಾಚಕರಿರುವ ಆವೃತ್ತಿಯಿಂದ ಆರಂಭಿಸಬೇಕೆಂಬುದು ನನ್ನ ಖಚಿತ ಸಲಹೆ. ಯಂತ್ರವೇ ಓದುವ ಕೃತಕ ಧ್ವನಿಯ ಆವೃತ್ತಿಗಳೂ ಈಗ ಮಾರಾಟಕ್ಕೆ ಬರುತ್ತಿವೆ. ಸಾಕ್ಷಿ ಹೇಳುವ ಪಾತ್ರ ಒಂದು ಕ್ಷಣ ತಡೆದು ಮಾತನಾಡಿದ್ದನ್ನು ಒಳ್ಳೆಯ ವಾಚಕರು ದನಿಯಲ್ಲಿಯೇ ತೋರಿಸುತ್ತಾರೆ, ಆ ತಡವರಿಕೆ ಪತ್ತೇದಾರಿ ಕಥೆಯಲ್ಲಿ ಅತಿ ಮುಖ್ಯವಾದದ್ದು. ಆದ್ದರಿಂದ ಮನುಷ್ಯರ ದನಿಯ ಆವೃತ್ತಿ ಸಿಗುವಾಗ ಕೃತಕ ಧ್ವನಿಯನ್ನು ಆರಿಸಬೇಡಿ.

ಮಾದರಿ ತುಣುಕನ್ನು ಕೊಳ್ಳುವ ಮೊದಲೇ ಪೂರ್ತಿ ಕೇಳಿ. ಇಬ್ಬರು ಮಾತನಾಡುವಾಗ ಯಾರ ಮಾತು ಯಾವುದೆಂದು ‘ಅವನು ಹೇಳಿದ, ಅವಳು ಹೇಳಿದಳು’ ಎಂಬ ಆಸರೆಯಿಲ್ಲದೆ ತಿಳಿಯುತ್ತದೆಯೇ, ವಿದೇಶಿ ಹೆಸರುಗಳು ಪ್ರತಿ ಸಲವೂ ಒಂದೇ ರೀತಿ ಉಚ್ಚಾರಗೊಳ್ಳುತ್ತವೆಯೇ, ಅಧ್ಯಾಯದ ಶೀರ್ಷಿಕೆ ಮತ್ತು ದಿನಾಂಕದ ನಂತರ ವಾಚಕರು ಸ್ವಲ್ಪ ವಿರಾಮ ಕೊಡುತ್ತಾರೆಯೇ ಎಂಬುದನ್ನು ಗಮನಿಸಿ. ಮೂರರಲ್ಲಿ ಎರಡು ಸರಿಯಿಲ್ಲದಿದ್ದರೆ ಕಥೆ ಎಷ್ಟೇ ಚೆನ್ನಾಗಿದ್ದರೂ ಆ ಪುಸ್ತಕವನ್ನು ಮುದ್ರಣದಲ್ಲಿ ಓದುವುದೇ ಮೇಲು. ಇಂಥ ಕಾದಂಬರಿಗಳು ಸರಣಿಯಾಗಿ ಬರುವುದು ಸಾಮಾನ್ಯವಾದ್ದರಿಂದ ಆರಿಸಿದ್ದು ಮೊದಲನೆಯ ಸಂಪುಟವೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಕನ್ನಡಿಗರು ಕೊಳ್ಳುವ ಮೊದಲು ಊರಿನ ಸಾರ್ವಜನಿಕ ಗ್ರಂಥಾಲಯದ ಕಾರ್ಡಿನ ಮೂಲಕ ಲಿಬ್ಬಿ ಆ್ಯಪ್‌ನಲ್ಲಿ ಹುಡುಕಬಹುದು. ಎರವಲಿನ ಅವಧಿ ಸಾಮಾನ್ಯವಾಗಿ 14 ಅಥವಾ 21 ದಿನ ಇರುತ್ತದೆ, ಬೇಡಿಕೆಯಿರುವ ಪುಸ್ತಕಕ್ಕೆ ಸರದಿಯೂ ಇರುತ್ತದೆ. ದಿನಕ್ಕೆ ಮುಕ್ಕಾಲು ಗಂಟೆಯಂತೆ ಕೇಳಿದರೆ ಹನ್ನೆರಡು ಗಂಟೆಯ ಪುಸ್ತಕಕ್ಕೆ 16 ದಿನ ಬೇಕಾಗುವುದರಿಂದ, 14 ದಿನದ ಎರವಲನ್ನು ನೆಚ್ಚಿಕೊಂಡು ರಹಸ್ಯ ಬಯಲಾಗುವ ಮುನ್ನವೇ ಪುಸ್ತಕ ಕೈತಪ್ಪುವಂತೆ ಮಾಡಿಕೊಳ್ಳಬೇಡಿ.

ಇಂಗ್ಲಿಷ್ ವಾಚನಕ್ಕೆ ಕಿವಿ ಇನ್ನೂ ಒಗ್ಗಿಲ್ಲವೆನಿಸಿದರೆ ಹಣ ಕೊಡುವ ಮೊದಲು ಅಭ್ಯಾಸ ಮಾಡಿ. ಸ್ವಯಂಸೇವಕರು ಓದಿದ ಹಳೆಯ ಕೃತಿಗಳು ಲಿಬ್ರಿವಾಕ್ಸ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಎಚ್.ಜಿ. ವೆಲ್ಸ್ ಅವರ 1895ರ ‘ದಿ ಟೈಮ್ ಮಷೀನ್’ ಇದಕ್ಕೆ ತಕ್ಕದ್ದು. ಅದು ಚಿಕ್ಕದು, ವಿಕ್ಟೋರಿಯಾ ಕಾಲದ ಯಂತ್ರಲೋಕದ ಪದಗಳೂ ವಾಕ್ಯಗಳ ಓಟವೂ ಅದರಲ್ಲಿ ಮೂಲರೂಪದಲ್ಲಿಯೇ ಇವೆ.

## ಹಂತ 2: ಫೋನನ್ನು ಅಣಿಗೊಳಿಸುವುದು

ಪುಸ್ತಕವನ್ನು ಪೂರ್ತಿ ಇಳಿಸಿಕೊಂಡ ಮೇಲೆಯೇ ಆರಂಭಿಸಿ. 64 ಕೆಬಿಪಿಎಸ್ ಗುಣಮಟ್ಟದ ಕಡತಕ್ಕೆ ಗಂಟೆಗೆ ಸುಮಾರು 29 ಎಂಬಿ ಜಾಗ ಬೇಕಾಗುತ್ತದೆ, ಹನ್ನೆರಡು ಗಂಟೆಯ ಪುಸ್ತಕ 350 ಎಂಬಿಯೊಳಗೆ ಮುಗಿಯುತ್ತದೆ. ನೆಟ್‌ವರ್ಕ್ ಕೈಕೊಟ್ಟು ಸುಳಿವಿನ ವಾಕ್ಯದ ನಡುವೆ ದನಿ ನಿಲ್ಲುವುದನ್ನು ಇದರಿಂದ ತಪ್ಪಿಸಬಹುದು.

ವೇಗವನ್ನು 0.9ಕ್ಕೆ ಇಟ್ಟು ಆರಂಭಿಸಿ, ಎರಡು ಗಂಟೆ ಕಳೆದ ಮೇಲೆ 1.0ಕ್ಕೆ ಏರಿಸಿ. ಸುದ್ದಿ ಮತ್ತು ಉಪನ್ಯಾಸಗಳನ್ನು 1.5ರ ವೇಗದಲ್ಲಿ ಕೇಳುವ ಅಭ್ಯಾಸವುಳ್ಳವರು ಇಲ್ಲಿಯೂ ಹಾಗೆಯೇ ಮಾಡುತ್ತಾರೆ, ಬಹುತೇಕ ವೈಫಲ್ಯಗಳು ಅಲ್ಲಿಂದಲೇ ಆರಂಭವಾಗುತ್ತವೆ. ವೇಗ ಹೆಚ್ಚಿಸಿದಾಗ ಮಾತುಗಳ ನಡುವಿನ ಮೌನವೂ ಕುಗ್ಗುತ್ತದೆ, ಪತ್ತೇದಾರಿ ಕಥೆಯಲ್ಲಿ ಆ ಮೌನಕ್ಕೆ ಅರ್ಥವಿದೆ.

ದನಿಯ ಗುಣವನ್ನು ಹೊಂದಿಸುವ ಈಕ್ವಲೈಸರ್‌ನಲ್ಲಿ ಬಾಸ್, ಅಂದರೆ ತಗ್ಗು ದನಿಯನ್ನು ಹೆಚ್ಚಿಸಿದ್ದರೆ ತೆಗೆದುಬಿಡಿ. ವ್ಯಂಜನಗಳ ಸ್ಪಷ್ಟತೆ ಬಹುಮಟ್ಟಿಗೆ 2,000ದಿಂದ 4,000 ಹರ್ಟ್ಸ್ ನಡುವಿನ ಧ್ವನಿಕಂಪನಗಳನ್ನು ಅವಲಂಬಿಸಿದೆ, ಬಾಸ್ ಗುಂಯ್‌ಗುಡುವಾಗ ಅವು ಮುಸುಕಾಗುತ್ತವೆ. ಮಾತು ತಿಳಿಯದಿದ್ದಾಗ ದನಿಯನ್ನು ಜೋರು ಮಾಡುವುದಕ್ಕಿಂತ ಶಾಂತವಾದ ಕಡೆ ಹೋಗಿ ಕೂರುವುದು ಸರಿಯಾದ ಪರಿಹಾರ. ವಯಸ್ಕರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ, ದನಿ ಏರಿದಂತೆಲ್ಲ ಆ ಗಂಟೆಗಳು ವೇಗವಾಗಿ ಇಳಿಯುತ್ತವೆ.

## ಹಂತ 3: ಪದಗಳಿಗೆ ಕಿವಿಯನ್ನು ಸಿದ್ಧಪಡಿಸುವುದು

ಈ ಹಂತವನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಆದರೆ ಉಳಿದೆಲ್ಲ ಹಂತಗಳು ನಿಂತಿರುವುದು ಇದರ ಮೇಲೆ. ಅಪರಿಚಿತ ಪದವೊಂದು ಕಿವಿಗೆ ಬಿದ್ದಾಗ ಮನಸ್ಸು ಒಂದೆರಡು ಸೆಕೆಂಡು ಅಲ್ಲಿಯೇ ನಿಲ್ಲುತ್ತದೆ, ಅಷ್ಟರಲ್ಲಿ ಮುಂದಿನ ವಾಕ್ಯ ಹೋಗಿಬಿಟ್ಟಿರುತ್ತದೆ. ಕೆಳಗಿನ ಪದಗಳನ್ನು ಮೊದಲೇ ಒಂದು ಸಲ ಗಟ್ಟಿಯಾಗಿ ಉಚ್ಚರಿಸಿ ನೋಡಿಕೊಳ್ಳಿ.

### ಸರ್ಕಸ್ಸಿನ ಪದಗಳು

ದೊಡ್ಡ ಡೇರೆ ‘ಬಿಗ್ ಟಾಪ್’. ಅದರೊಳಗಿನ ವೃತ್ತಾಕಾರದ ರಂಗ ‘ರಿಂಗ್’, ಸಾಂಪ್ರದಾಯಿಕವಾಗಿ ಅದರ ವ್ಯಾಸ 42 ಅಡಿ, ಅಂದರೆ ಸುಮಾರು 13 ಮೀಟರ್. ಈ ಅಳತೆ ತಲೆಯಲ್ಲಿದ್ದರೆ ಯಾರು ಎಲ್ಲಿ ನಿಂತಿದ್ದರು, ಯಾರಿಗೆ ಏನು ಕಂಡಿರಬಹುದು ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಪ್ರದರ್ಶನವನ್ನು ನಡೆಸಿಕೊಡುವವನು ‘ರಿಂಗ್‌ಮಾಸ್ಟರ್’. ಡೇರೆ ಏರಿಸುವ, ಸಾಮಾನು ಹೊರುವ ಕೂಲಿಗಳು ‘ರೌಸ್ಟಬೌಟ್’ಗಳು. ಹಗ್ಗ, ರಾಟೆ, ಉಯ್ಯಾಲೆಗಳನ್ನು ಕಟ್ಟುವವನು ‘ರಿಗ್ಗರ್’. ಎತ್ತರದಲ್ಲಿ ಆಡುವವರು ‘ಏರಿಯಲಿಸ್ಟ್’ಗಳು, ಮೈ ಬಗ್ಗಿಸಿ ತಿರುಚುವವರು ‘ಕಂಟಾರ್ಷನಿಸ್ಟ್’ಗಳು. ಪ್ರಾಣಿಗಳ ವಿಭಾಗ ‘ಮೆನಾಜರಿ’. ಮುಖ್ಯ ಡೇರೆಯ ಹೊರಗಿನ ಸಣ್ಣ ಪ್ರದರ್ಶನಗಳು ‘ಸೈಡ್‌ಶೋ’, ಅವುಗಳ ಮುಂದೆ ನಿಂತು ಕೂಗಿ ಜನರನ್ನು ಸೆಳೆಯುವವನು ‘ಬಾರ್ಕರ್’. ಏರಿಯಲಿಸ್ಟ್ ಬಿದ್ದು ಸತ್ತಾಗ ಮೊದಲು ಪ್ರಶ್ನೆಗೆ ಒಳಗಾಗಬೇಕಾದವನು ರಿಗ್ಗರ್, ಆದ್ದರಿಂದ ಆ ಪಾತ್ರ ಒಂದೇ ವಾಕ್ಯಕ್ಕೆ ಬಂದು ಹೋದರೂ ಬಿಡಬೇಡಿ.

ಶಬ್ದಕ್ಕೆ ಸಂಬಂಧಿಸಿದ ಮೂರು ಸಂಗತಿಗಳು ಕೇಳುಗರಿಗೆ ವಿಶೇಷವಾಗಿ ಉಪಯುಕ್ತ. ಉಗಿಯಿಂದ ಸೀಟಿಗಳನ್ನು ಊದಿಸುವ ವಾದ್ಯಕ್ಕೆ 1855ರಲ್ಲಿ ಅಮೆರಿಕದ ಜೋಶುವಾ ಸ್ಟೊಡಾರ್ಡ್ ಪೇಟೆಂಟ್ ಪಡೆದರು. ಅದನ್ನು ನಿಘಂಟಿನ ಕ್ರಮದಲ್ಲಿ ‘ಕಲೈಯಪಿ’ ಎಂದು ಓದುವವರಿದ್ದಾರೆ, ಸರ್ಕಸ್ಸಿನವರು ‘ಕ್ಯಾಲಿಯೋಪ್’ ಎನ್ನುತ್ತಾರೆ. ಒಂದೇ ಪುಸ್ತಕದಲ್ಲಿ ಎರಡೂ ಕೇಳಿಬಂದರೆ ಎರಡು ವಾದ್ಯಗಳೆಂದು ಭಾವಿಸಬೇಡಿ. ‘ಹೇ ರೂಬ್’ ಎಂಬ ಕೂಗು ಅಮೆರಿಕದ ಸರ್ಕಸ್ ಮಂದಿ ಹೊರಗಿನವರೊಂದಿಗೆ ಹೊಡೆದಾಟಕ್ಕಿಳಿದಾಗ ತಮ್ಮವರನ್ನು ಒಟ್ಟುಗೂಡಿಸುತ್ತಿದ್ದ ಕರೆ. ಮೂರನೆಯದು ಬ್ಯಾಂಡಿನ ಸಂಕೇತ. ಅಲ್ಲಿನ ಸರ್ಕಸ್ ಬ್ಯಾಂಡುಗಳು ಅಪಾಯ ಒದಗಿದಾಗ ಜಾನ್ ಫಿಲಿಪ್ ಸೂಸಾ ಅವರ ‘ದಿ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’ ನಡೆಗೀತವನ್ನು ನುಡಿಸಿ, ಪ್ರೇಕ್ಷಕರಿಗೆ ತಿಳಿಯದಂತೆ ಸಿಬ್ಬಂದಿಗೆ ಸುದ್ದಿ ಮುಟ್ಟಿಸುತ್ತಿದ್ದರು. 1944ರ ಜುಲೈ 6ರಂದು ಹಾರ್ಟ್‌ಫರ್ಡ್ ನಗರದಲ್ಲಿ ಡೇರೆಗೆ ಬೆಂಕಿ ಬಿದ್ದಾಗ ನುಡಿಸಿದ್ದು ಅದನ್ನೇ. ಅಮೆರಿಕದಲ್ಲಿ ನಡೆಯುವ ಕಥೆಯಲ್ಲಿ ಬ್ಯಾಂಡು ಇದ್ದಕ್ಕಿದ್ದಂತೆ ರಾಗ ಬದಲಿಸಿತು ಎಂಬ ವಾಕ್ಯ ಬಂದರೆ ಅದನ್ನು ಅಲಂಕಾರವೆಂದು ಬಿಡದೆ ಬುಕ್‌ಮಾರ್ಕ್ ಹಾಕಿ.

### ಯಂತ್ರದ ಪದಗಳು

ಉಗಿಯಂತ್ರದಲ್ಲಿ ನೀರು ಕಾಯುವ ಪಾತ್ರೆ ‘ಬಾಯ್ಲರ್’, ಒಳಗಿನ ಒತ್ತಡವನ್ನು ಮುಳ್ಳಿನಲ್ಲಿ ತೋರಿಸುವುದು ‘ಗೇಜ್’. ಒತ್ತಡ ಮಿತಿಮೀರಿದಾಗ ತಾನೇ ತೆರೆದುಕೊಂಡು ಉಗಿಯನ್ನು ಹೊರಬಿಡುವುದು ‘ಸೇಫ್ಟಿ ವಾಲ್ವ್’, ಅಡುಗೆಮನೆಯ ಕುಕ್ಕರಿನಲ್ಲಿರುವುದೂ ಅದೇ ತತ್ತ್ವ. ಯಂತ್ರದ ವೇಗ ಏರದಂತೆ ಎರಡು ಗುಂಡುಗಳು ತಿರುಗುತ್ತ ಉಗಿಯ ಹರಿವನ್ನು ನಿಯಂತ್ರಿಸುವ ಸಾಧನ ‘ಗವರ್ನರ್’. ಈ ಪದ ಬಂದಾಗ ರಾಜ್ಯಪಾಲರು ಕಥೆಗೆ ಬಂದರೆಂದು ತಿಳಿದು ದಿಕ್ಕು ತಪ್ಪಿದವರು ಇದ್ದಾರೆ. ಭಾರವಾದ ತಿರುಗುಚಕ್ರ ‘ಫ್ಲೈವೀಲ್’.

ಎರಡನೆಯ ಬಗೆಯ ಯಂತ್ರ ‘ಕ್ಲಾಕ್‌ವರ್ಕ್’, ಅಂದರೆ ಕೀಲಿ ಕೊಟ್ಟು ಸುತ್ತಿದ ಸ್ಪ್ರಿಂಗಿನಿಂದ ನಡೆಯುವಂಥದ್ದು. ಶಕ್ತಿಯನ್ನು ಕೂಡಿಡುವ ಮುಖ್ಯ ಸ್ಪ್ರಿಂಗು ‘ಮೇನ್‌ಸ್ಪ್ರಿಂಗ್’, ಅದನ್ನು ಟಿಕ್‌ಟಿಕ್ ಎಂದು ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಮಾಡುವುದು ‘ಎಸ್ಕೇಪ್‌ಮೆಂಟ್’. ಮನುಷ್ಯನಂತೆಯೋ ಪ್ರಾಣಿಯಂತೆಯೋ ಚಲಿಸುವ ಯಂತ್ರಗೊಂಬೆ ‘ಆಟೊಮೆಟನ್’, ಬಹುವಚನದಲ್ಲಿ ‘ಆಟೊಮೆಟ’.

ಈ ಎರಡು ಯಂತ್ರಗಳ ವ್ಯತ್ಯಾಸವನ್ನು ಅರಿತವರಿಗೆ ಅರ್ಧ ರಹಸ್ಯ ಅಲ್ಲಿಯೇ ಬಿಡಿಸಿಕೊಳ್ಳುತ್ತದೆ. ತಣ್ಣಗಿರುವ ದೊಡ್ಡ ಬಾಯ್ಲರಿನಲ್ಲಿ ಉಗಿ ಏರಲು ಗಂಟೆಗಳೇ ಬೇಕು. ಹೀಗಿರುವಾಗ ನಡುರಾತ್ರಿ ಎದ್ದ ಕೆಲವೇ ನಿಮಿಷಗಳಲ್ಲಿ ಯಾರೋ ಉಗಿಯಂತ್ರವನ್ನು ಚಾಲನೆ ಮಾಡಿದರೆಂದರೆ, ಬೇರೊಬ್ಬರು ಸಂಜೆಯೇ ಬೆಂಕಿ ಹಾಕಿದ್ದಾರೆ ಎಂದರ್ಥ. ಪ್ರದರ್ಶನವಿಲ್ಲದ ದಿನ ಕ್ಯಾಲಿಯೋಪಿನ ಸದ್ದು ಕೇಳಿಸಿತು ಎಂದರೆ ಬಾಯ್ಲರ್ ಕಾದಿತ್ತು ಎಂದರ್ಥ. ಕ್ಲಾಕ್‌ವರ್ಕ್ ಯಂತ್ರ ಹಾಗಲ್ಲ, ಅದು ಕ್ಷಣದಲ್ಲಿ ಓಡತೊಡಗುತ್ತದೆ, ಆದರೆ ಯಾರಾದರೂ ಮೊದಲೇ ಕೀಲಿ ಕೊಟ್ಟಿರಬೇಕು ಮತ್ತು ಸ್ಪ್ರಿಂಗ್ ಬಿಚ್ಚಿಕೊಂಡ ಮೇಲೆ ತಾನಾಗಿ ನಿಲ್ಲಬೇಕು. ‘ಆ ಹೊತ್ತಿನಲ್ಲಿ ನಾನು ಅಲ್ಲಿರಲೇ ಇಲ್ಲ’ ಎನ್ನುವ ಪಾತ್ರದ ಮಾತನ್ನು ಈ ಲೆಕ್ಕದಿಂದ ಪರೀಕ್ಷಿಸಬಹುದು. ಕೀಲಿಯಿಲ್ಲದೆ, ಉಗಿಯಿಲ್ಲದೆ ಚಲಿಸುವ ಯಂತ್ರ ಕಥೆಯಲ್ಲಿ ಬಂದರೆ ಅದು ಮಾಯೆಯ ಕೆಲಸ, ಅಥವಾ ಯಾರೋ ಸುಳ್ಳು ಹೇಳುತ್ತಿದ್ದಾರೆ.

## ಹಂತ 4: ಮೊದಲ ಗಂಟೆಯನ್ನು ಎರಡು ಸಲ ಕೇಳುವುದು

ಮೊದಲ ಸಲ ಏನನ್ನೂ ಬರೆಯದೆ, ಹಿಂದಕ್ಕೆ ಹೋಗದೆ ಸುಮ್ಮನೆ ಕೇಳಿ. ವಾಚಕರ ಲಯ, ಅವರು ಹೆಣ್ಣು ಗಂಡು ಪಾತ್ರಗಳಿಗೆ ಕೊಡುವ ದನಿ, ಸ್ಕಾಟಿಷ್ ಅಥವಾ ಫ್ರೆಂಚ್ ಪಾತ್ರಗಳ ಉಚ್ಚಾರಣೆ ಇವುಗಳಿಗೆ ಕಿವಿ ಹೊಂದಿಕೊಳ್ಳುವುದಷ್ಟೇ ಈ ಸುತ್ತಿನ ಉದ್ದೇಶ. ಅರ್ಧ ತಿಳಿದರೂ ಚಿಂತೆಯಿಲ್ಲ.

ಮರುದಿನ ಅದೇ ಗಂಟೆಯನ್ನು ಹಾಳೆ ಹಿಡಿದು ಮತ್ತೆ ಕೇಳಿ. ಸಮಯ ವ್ಯರ್ಥವೆಂದು ಇದನ್ನು ಬಿಡುವವರೇ ಮುಂದೆ ಆರನೆಯ ಗಂಟೆಯಲ್ಲಿ ದಾರಿ ತಪ್ಪಿ ಮೊದಲಿನಿಂದ ಕೇಳಬೇಕಾಗುತ್ತದೆ. ಮೊದಲ ಗಂಟೆಯಲ್ಲಿಯೇ ಸರ್ಕಸ್ಸಿನ ಬಹುಪಾಲು ಜನ ಪರಿಚಯವಾಗುತ್ತಾರೆ, ಪರಿಚಯದ ಮಾತಿನಲ್ಲಿಯೇ ಹಲವರ ಕೆಲಸ, ಹಗೆ, ಸಾಲ, ಪ್ರೇಮಗಳ ಸೂಚನೆ ಇರುತ್ತದೆ.

## ಹಂತ 5: ಒಂದೇ ಹಾಳೆಯ ನಕ್ಷೆ

ಹಾಳೆಯ ನಡುವೆ ಒಂದು ವೃತ್ತ ಬರೆಯಿರಿ, ಅದೇ ರಿಂಗ್. ಅದರ ಸುತ್ತ ಡೇರೆಗಳು, ಗಾಡಿಗಳು, ಬಾಯ್ಲರ್, ಪ್ರಾಣಿಗಳ ಬೋನು ಇವುಗಳಿಗೆ ಜಾಗ ಬಿಡಿ. ಪಾತ್ರದ ಹೆಸರನ್ನು ಪಟ್ಟಿಯಾಗಿ ಬರೆಯದೆ ಅವರು ಕೆಲಸ ಮಾಡುವ ಸ್ಥಳದಲ್ಲಿಯೇ ಬರೆಯಿರಿ. ಹೆಸರು ಮರೆತರೂ ಜಾಗ ನೆನಪಿರುತ್ತದೆ ಎಂಬುದು ಇದರ ಲಾಭ.

ಹೆಸರುಗಳನ್ನು ಕಿವಿಗೆ ಬಿದ್ದಂತೆ ಕನ್ನಡ ಲಿಪಿಯಲ್ಲಿಯೇ ಬರೆಯುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಕೇಳಿದ ಹೆಸರಿನ ಇಂಗ್ಲಿಷ್ ಕಾಗುಣಿತ ಏನಿರಬಹುದೆಂದು ಯೋಚಿಸುತ್ತ ಕೂತರೆ ಎರಡು ವಾಕ್ಯಗಳು ಹೋಗುತ್ತವೆ. ಮುಂದಿನ ಸಲ ಅದೇ ಉಚ್ಚಾರ ಬಂದಾಗ ಕನ್ನಡದಲ್ಲಿ ಬರೆದದ್ದು ಥಟ್ಟನೆ ಹೊಂದಿಕೊಳ್ಳುತ್ತದೆ. ರಂಗದ ಹೆಸರನ್ನು ಮೇಲೆ, ನಿಜನಾಮವನ್ನು ಕೆಳಗೆ, ಸಂಬಂಧಿಕರು ಕರೆಯುವ ಅಡ್ಡಹೆಸರಿದ್ದರೆ ಪಕ್ಕದಲ್ಲಿ ಬರೆಯಿರಿ. ನಿಜನಾಮ ಗೊತ್ತಿಲ್ಲದವರ ಕೆಳಗಿನ ಜಾಗವನ್ನು ಖಾಲಿ ಬಿಡಿ. ಕಥೆ ಮುಗಿಯುವ ಹೊತ್ತಿಗೂ ಖಾಲಿ ಉಳಿಯುವ ಆ ಜಾಗಗಳ ಮೇಲೆ ಒಂದು ಕಣ್ಣಿಟ್ಟಿರಬೇಕು.

ಹಾಳೆಯ ಬಲ ಅಂಚಿನಲ್ಲಿ ಮಾಯೆಯ ನಿಯಮಗಳನ್ನು ಬರೆಯಿರಿ: ಯಾರಿಗೆ ಅದು ಸಾಧ್ಯ, ಅದಕ್ಕೆ ತೆರಬೇಕಾದ ಬೆಲೆ ಏನು, ಅದರಿಂದ ಏನು ಸಾಧ್ಯವಿಲ್ಲ. ನಿಷ್ಠೆಯಿಂದ ಬರೆದ ಫ್ಯಾಂಟಸಿ ಪತ್ತೇದಾರಿಯಲ್ಲಿ ಕೊನೆಯ ಉತ್ತರ ಈ ನಿಯಮಗಳನ್ನು ಮುರಿಯುವುದಿಲ್ಲ, ಆದ್ದರಿಂದ ‘ಸಾಧ್ಯವಿಲ್ಲ’ ಎಂಬ ಸಾಲೇ ಶಂಕಿತರ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ.

## ಹಂತ 6: ವರ್ಷ ಮತ್ತು ಊರುಗಳನ್ನು ಹಿಡಿದಿಡುವುದು

ಸರ್ಕಸ್ಸು ಊರೂರು ತಿರುಗುತ್ತದೆ, ಕಥೆಯೂ ಕಾಲದಲ್ಲಿ ಹಿಂದೆ ಮುಂದೆ ಜಿಗಿಯುತ್ತದೆ. ಎರಿನ್ ಮಾರ್ಗೆನ್‌ಸ್ಟರ್ನ್ ಅವರ 2011ರ ‘ದಿ ನೈಟ್ ಸರ್ಕಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಜಿಮ್ ಡೇಲ್ ವಾಚಿಸಿರುವ ಆ ಕೃತಿ ಕಟ್ಟುನಿಟ್ಟಿನ ಅರ್ಥದಲ್ಲಿ ಸ್ಟೀಮ್‌ಪಂಕ್ ಅಲ್ಲ, ಪತ್ತೇದಾರಿಯೂ ಅಲ್ಲ. ಆದರೆ ಕೇಳುಗರನ್ನು ತೊಡಕಿಗೆ ಸಿಲುಕಿಸುವ ಅದರ ರಚನೆ ಈ ಪ್ರಕಾರದ ಅನೇಕ ಪುಸ್ತಕಗಳಲ್ಲಿಯೂ ಕಾಣುತ್ತದೆ. ಅದರ ಅಧ್ಯಾಯಗಳ ತಲೆಬರಹದಲ್ಲಿ ಊರು ಮತ್ತು ಕಾಲವನ್ನು ಕೊಟ್ಟಿದೆ. ಒಂದು ಎಳೆ 1873ರ ನ್ಯೂಯಾರ್ಕಿನಿಂದ ಹೊರಟರೆ ಇನ್ನೊಂದು 1897ರ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್‌ನಿಂದ ಹೊರಡುತ್ತದೆ. ಇವುಗಳ ನಡುವೆ ಕೇಳುಗರನ್ನೇ ‘ನೀವು’ ಎಂದು ಕರೆದು ಡೇರೆಗಳ ನಡುವೆ ನಡೆಸಿಕೊಂಡು ಹೋಗುವ ಕಿರು ಭಾಗಗಳಿವೆ. ಕಣ್ಣಿಗೆ ಈ ತಲೆಬರಹ ಪುಟದ ಮೇಲೆ ನಿಂತಿರುತ್ತದೆ, ಕಿವಿಗಾದರೋ ಮೂರು ಸೆಕೆಂಡಿನಲ್ಲಿ ಹಾದುಹೋಗುತ್ತದೆ.

ಪರಿಹಾರ ಸರಳವಾಗಿದೆ. ಅಧ್ಯಾಯ ಆರಂಭವಾಗಿ ಊರು, ತಿಂಗಳು, ವರ್ಷ ಕೇಳಿಸಿದ ಕೂಡಲೇ ತಡೆಹಿಡಿಯಿರಿ. ಹಾಳೆಯ ಕೆಳಗೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು ಅದರ ಮೇಲೆ ವರ್ಷವನ್ನು ಗುರುತಿಸಿ, ಅಧ್ಯಾಯದ ಸಂಖ್ಯೆಯನ್ನು ಅಲ್ಲಿ ಬರೆದು ನಂತರ ಮುಂದುವರಿಯಿರಿ. ಹಿಂದಿನ ಅಧ್ಯಾಯಕ್ಕಿಂತ ಕಾಲ ಹಿಂದಕ್ಕೆ ಹೋಗಿದ್ದರೆ ಬಾಣದ ಗುರುತು ಹಾಕಿ. ಬ್ರಿಟಿಷ್ ವಾಚಕರು ‘ಏಯ್ಟೀನ್’ ಮತ್ತು ‘ಏಯ್ಟಿ’ಯನ್ನು ವೇಗವಾಗಿ ಹೇಳುವಾಗ ಗೊಂದಲವಾಗುವುದು ಸಹಜ, ಅನುಮಾನವಿದ್ದರೆ ಆ್ಯಪ್‌ನ ಅಧ್ಯಾಯ ಪಟ್ಟಿಯಲ್ಲಿ ಶೀರ್ಷಿಕೆ ಬರೆದಿದೆಯೇ ಎಂದು ನೋಡಿ.

ಒಂದು ಪಾತ್ರ ಸತ್ತ ಮೇಲೆಯೂ ಮಾತನಾಡುತ್ತಿರುವಂತೆ ತೋರಿದರೆ, ಅದು ಪ್ರೇತವೆಂದು ತೀರ್ಮಾನಿಸುವ ಮೊದಲು ಆ ಅಧ್ಯಾಯದ ವರ್ಷವನ್ನು ಪರಿಶೀಲಿಸಿ.

## ಹಂತ 7: ದಿನದ ಕೇಳುವಿಕೆ

ಒಂದು ಸಲಕ್ಕೆ 40ರಿಂದ 45 ನಿಮಿಷ ಸಾಕು, ಅಧ್ಯಾಯದ ಕೊನೆಯಲ್ಲಿಯೇ ನಿಲ್ಲಿಸಿ. ಬಟ್ಟೆ ಮಡಿಸುವುದು, ಅವರೆಕಾಯಿ ಸುಲಿಯುವುದು, ಖಾಲಿ ಉದ್ಯಾನದಲ್ಲಿ ನಡೆಯುವುದು ಇಂಥ ಕೆಲಸಗಳ ಜೊತೆ ಕೇಳಬಹುದು. ಓದುವ, ಬರೆಯುವ, ಲೆಕ್ಕ ಮಾಡುವ ಯಾವ ಕೆಲಸದೊಡನೆಯೂ ಕೇಳಬಾರದು, ಏಕೆಂದರೆ ಭಾಷೆಯನ್ನು ಹಿಡಿಯುವ ಗಮನ ಎರಡು ಕಡೆ ಒಟ್ಟಿಗೆ ಇರಲಾರದು. ಎರಡೂ ಕಿವಿ ಮುಚ್ಚಿಕೊಂಡು ರಸ್ತೆ ದಾಟುವುದು, ದ್ವಿಚಕ್ರ ವಾಹನ ಓಡಿಸುವುದು ಜೀವಕ್ಕೇ ಅಪಾಯ.

ಮಲಗುವ ಮುನ್ನ ಕೇಳುವ ಅಭ್ಯಾಸದಿಂದ ಈ ಪ್ರಕಾರದಲ್ಲಿ ಆಗುವ ಹಾನಿ ದೊಡ್ಡದು. ನಿದ್ದೆ ಬಂದದ್ದು ಯಾವ ವಾಕ್ಯದಲ್ಲಿ ಎಂಬುದು ಯಾರಿಗೂ ತಿಳಿಯುವುದಿಲ್ಲ. ಬೆಳಿಗ್ಗೆ ಕಥೆ ತಿಳಿದಂತೆಯೇ ಭಾಸವಾಗುತ್ತದೆ, ಆದರೆ ನಡುವಿನ ಹತ್ತು ನಿಮಿಷ ಕಾಣೆಯಾಗಿರುತ್ತವೆ. ಬಿಡಲಾಗದವರು ಮಲಗುವ ಮೊದಲು ಒಂದು ಬುಕ್‌ಮಾರ್ಕ್ ಹಾಕಿ, ಟೈಮರನ್ನು 15 ನಿಮಿಷಕ್ಕೆ ಇಟ್ಟು, ಮರುದಿನ ಆ ಬುಕ್‌ಮಾರ್ಕಿನಿಂದಲೇ ಮತ್ತೆ ಕೇಳಬೇಕು.

ಬುಕ್‌ಮಾರ್ಕನ್ನು ಎಲ್ಲೆಂದರಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಯಂತ್ರವೊಂದು ಎಂದಿನಂತೆ ನಡೆಯದಿದ್ದಾಗ, ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಿದಾಗ, ಸಣ್ಣ ವಸ್ತುವೊಂದನ್ನು ಅದರ ಅಗತ್ಯಕ್ಕಿಂತ ಹೆಚ್ಚು ವಿವರವಾಗಿ ವರ್ಣಿಸಿದಾಗ ಹಾಕಿ, ಎರಡು ಪದಗಳ ಟಿಪ್ಪಣಿ ಸೇರಿಸಿ.

## ಹಂತ 8: ದಾರಿ ತಪ್ಪುತ್ತಿರುವ ಸೂಚನೆಗಳು ಮತ್ತು ಮರಳುವ ಕ್ರಮ

ವಾಚಕರ ದನಿ ಹಿತವಾಗಿ ಕೇಳಿಸುತ್ತಿದ್ದರೂ ಕೊನೆಯ ಐದು ನಿಮಿಷದಲ್ಲಿ ಏನಾಯಿತೆಂದು ಒಂದು ವಾಕ್ಯದಲ್ಲಿ ಕನ್ನಡದಲ್ಲಿ ಹೇಳಲಾಗದಿದ್ದರೆ ಅದು ಮೊದಲ ಸೂಚನೆ. ಎರಡು ಪಾತ್ರಗಳನ್ನು ಒಬ್ಬರೆಂದು ತಿಳಿದದ್ದು ಗೊತ್ತಾಗುವುದು ಎರಡನೆಯದು. ವೇಗ ಹೆಚ್ಚಿಸಿ ಬೇಗ ಮುಗಿಸಬೇಕೆನ್ನಿಸುವುದು ಮೂರನೆಯದು, ಅತಿ ಗಂಭೀರವಾದದ್ದೂ ಅದೇ.

ಮರಳುವ ಕ್ರಮ ಹೀಗಿರಲಿ. ಮೊದಲು 30 ಸೆಕೆಂಡು ಹಿಂದಕ್ಕೆ ಹೋಗಿ, ಎರಡು ಸಲಕ್ಕಿಂತ ಹೆಚ್ಚು ಬಾರಿ ಅದನ್ನು ಒತ್ತಬೇಡಿ. ಸರಿಹೋಗದಿದ್ದರೆ ಅಧ್ಯಾಯದ ಆರಂಭಕ್ಕೆ ಹೋಗಿ, ಏಕೆಂದರೆ ಊರು ಮತ್ತು ವರ್ಷ ಅಲ್ಲಿರುತ್ತವೆ. ಆಗಲೂ ತಿಳಿಯದಿದ್ದರೆ ಮುದ್ರಿತ ಅಥವಾ ಇ-ಪುಸ್ತಕದಲ್ಲಿ ಆ ಒಂದು ಅಧ್ಯಾಯವನ್ನು ಓದಿ ಮತ್ತೆ ಆಡಿಯೊಗೆ ಬನ್ನಿ. ಕಥಾಸಾರವನ್ನು ಅಂತರ್ಜಾಲದಲ್ಲಿ ಹುಡುಕುವುದು ಮಾತ್ರ ಬೇಡ, ಎರಡನೆಯ ಸಾಲಿನಲ್ಲಿಯೇ ಅಪರಾಧಿಯ ಹೆಸರು ಎದುರಾಗಬಹುದು. ಒಂದು ವಾರಕ್ಕಿಂತ ಹೆಚ್ಚು ಬಿಡುವು ಕೊಟ್ಟಿದ್ದರೆ ನಿಂತ ಜಾಗದಿಂದ ಆರಂಭಿಸದೆ, ಬುಕ್‌ಮಾರ್ಕುಗಳನ್ನು ಒಂದೊಂದು ನಿಮಿಷ ಕೇಳಿಕೊಂಡು ಮುಂದುವರಿಯಿರಿ.

## ಹಂತ 9: ಮುಕ್ಕಾಲು ಭಾಗದಲ್ಲಿ ನಿಲ್ಲುವುದು

ಪುಸ್ತಕದ ಮುಕ್ಕಾಲು ಭಾಗ ಮುಗಿದಾಗ, ಹನ್ನೆರಡು ಗಂಟೆಯದಾದರೆ ಒಂಬತ್ತನೆಯ ಗಂಟೆಯ ಕೊನೆಯಲ್ಲಿ, ಒಂದು ದಿನ ಏನನ್ನೂ ಕೇಳಬೇಡಿ. ಆ ದಿನ ಹಾಳೆಯನ್ನು ಮುಂದಿಟ್ಟುಕೊಂಡು ಮೂವರು ಶಂಕಿತರ ಹೆಸರು ಬರೆಯಿರಿ. ಪ್ರತಿಯೊಬ್ಬರಿಗೂ ಯಂತ್ರದ ಬಳಿ ಹೋಗುವ ಅವಕಾಶ ಇತ್ತೇ, ಉಗಿ ಏರಿಸಲು ಅಥವಾ ಕೀಲಿ ಕೊಡಲು ಬೇಕಾದ ಸಮಯ ಇತ್ತೇ, ಮಾಯೆಯ ನಿಯಮ ಅವರಿಗೆ ಅಡ್ಡಿಯಾಗುತ್ತದೆಯೇ ಎಂದು ಪರೀಕ್ಷಿಸಿ. ಉತ್ತರ ತಪ್ಪಾದರೂ ಪರವಾಗಿಲ್ಲ. ಈ ಬಿಡುವಿಲ್ಲದೆ ಕೊನೆಯವರೆಗೆ ಓಡಿದವರಿಗೆ ರಹಸ್ಯ ಬಯಲಾದಾಗ ಅದು ಕೇವಲ ಒಂದು ಮಾಹಿತಿಯಾಗಿ ಕಿವಿಗೆ ಬೀಳುತ್ತದೆ, ತಾವೇ ಲೆಕ್ಕ ಹಾಕಿದವರಿಗೆ ಆ ಕ್ಷಣದಲ್ಲಿ ಇಡೀ ಸರ್ಕಸ್ಸು ಮರುಜೋಡಣೆಯಾಗುತ್ತದೆ. ಆಡಿಯೊಬುಕ್ ಕೇಳುವ ಎಲ್ಲ ಶ್ರಮವನ್ನೂ ಸಾರ್ಥಕಗೊಳಿಸುವುದು ಆ ಕ್ಷಣವೇ ಎಂದು ನಾನು ನಂಬಿದ್ದೇನೆ.

## ಹಂತ 10: ಕೊನೆಯ ಭಾಗ ಮತ್ತು ನಂತರ

ಉಳಿದ ಕಾಲುಭಾಗದಲ್ಲಿ ರಹಸ್ಯ ಬಯಲಾಗುವ ಅಧ್ಯಾಯಗಳನ್ನು 1.0 ವೇಗದಲ್ಲಿ, ಬೇರೆ ಕೆಲಸವಿಲ್ಲದೆ, ಒಂದೇ ಕೂಡುವಿಕೆಯಲ್ಲಿ ಕೇಳಿ. ಕೊನೆಯ ಅಧ್ಯಾಯದ ನಂತರ ಆ್ಯಪ್ ತಾನಾಗಿ ಮುಂದಿನ ಪುಸ್ತಕದ ತುಣುಕನ್ನು ಆರಂಭಿಸದಂತೆ ನೋಡಿಕೊಳ್ಳಿ.

ಅದೇ ವಾರದಲ್ಲಿ, ನೆನಪು ಹಸಿಯಾಗಿರುವಾಗ, ನೀವು ಹಾಕಿದ ಬುಕ್‌ಮಾರ್ಕುಗಳನ್ನು ಮಾತ್ರ ಕೇಳಿ ಯಾವ ಸುಳಿವು ಹಿಡಿದಿರಿ, ಯಾವುದು ಜಾರಿತು ಎಂದು ಹಾಳೆಯಲ್ಲಿ ಗುರುತಿಸಿ. ಎರವಲು ಪುಸ್ತಕವಾದರೆ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಬೇಕು. ಸರಣಿಯ ಎರಡನೆಯ ಸಂಪುಟ ಇರುವುದಾದರೆ ಬದುಕುಳಿದವರ ಹೆಸರುಗಳು, ನಿಜನಾಮ ತಿಳಿಯದೆ ಖಾಲಿ ಉಳಿದ ಜಾಗಗಳು ಮತ್ತು ಮಾಯೆಯ ನಿಯಮಗಳನ್ನು ಹೊಸ ಹಾಳೆಗೆ ನಕಲು ಮಾಡಿ, ಎರಡನೆಯ ಸಂಪುಟವನ್ನು ನಾಲ್ಕನೆಯ ಹಂತದಿಂದ ಆರಂಭಿಸಿ.